ಬೇರಿಂಗ್ ಖರ್ಚು ಇಳಿಸಬೇಕೆ? ಸುತ್ತಿಗೆಯಿಂದ ಶುರು ಮಾಡಿ

ಹಿಟ್ಟಿನ ಗಿರಣಿಯಿರಲಿ, ಅಕ್ಕಿ ಮಿಲ್ಲಿರಲಿ, ನಾಲ್ಕು ಲೇತ್ ಇರುವ ವರ್ಕ್‌ಶಾಪಿರಲಿ, ಬಿಡಿಭಾಗಗಳ ಬಿಲ್ ತೆಗೆದು ನೋಡಿದರೆ ಮತ್ತೆ ಮತ್ತೆ ಕಾಣುವ ಹೆಸರು ಮೂರೇ: ಬೇರಿಂಗ್, ಬೆಲ್ಟ್, ಆಯಿಲ್ ಸೀಲ್. ಖರ್ಚು ಕಡಿಮೆ ಮಾಡಬೇಕು ಅಂದಾಗ ಎಲ್ಲರೂ ಮೊದಲು ಹುಡುಕುವುದು ಅಗ್ಗದ ಅಂಗಡಿಯನ್ನು. ಅಲ್ಲಿ ಉಳಿಯುವುದು ಪುಡಿಗಾಸು. ವರ್ಷಗಟ್ಟಲೆ ಓಡಬೇಕಾದ ಬೇರಿಂಗ್ ಮೂರೇ ತಿಂಗಳಿಗೆ ಸೌಂಡ್ ಮಾಡತೊಡಗಿ, ಯಾರೂ ಗಮನಿಸದೆ ಮೋಟರಿನೊಳಗೆ ಸುತ್ತುವ ರೋಟರ್ ಹೋಗಿ ಅದರ ಸುತ್ತ ಕದಲದೆ ನಿಂತಿರುವ ಸ್ಟೇಟರ್‌ಗೆ ಉಜ್ಜಿದರೆ, ರಿವೈಂಡಿಂಗ್ ಬಿಲ್ ಮುಂದೆ ಆ ಉಳಿತಾಯ ಲೆಕ್ಕಕ್ಕೇ ಬರುವುದಿಲ್ಲ. ಬೇಗ ಸಾಯುವ ಬೇರಿಂಗ್‌ಗಳಲ್ಲಿ ಬಹಳಷ್ಟು ಸಾಯುವುದು ಕೂರಿಸುವಾಗಿನ ಐದು ನಿಮಿಷದಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚು ಪಾಲು ಆ ಐದು ನಿಮಿಷಕ್ಕೇ ಮೀಸಲು.

ಮೊದಲು ಹಳೆಯದನ್ನು ಓದಿ

ಬಿಚ್ಚಿದ ಬೇರಿಂಗನ್ನು ಗುಜರಿಗೆ ಎಸೆಯಬೇಡಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊರ ರಿಂಗನ್ನು ಗ್ರೈಂಡರ್‌ನಲ್ಲಿ ಎದುರುಬದುರು ಎರಡು ಕಡೆ ಸೀಳಿ ತೆರೆಯಿರಿ. ಸುತ್ತಿಗೆಯಿಂದ ಒಡೆಯಲೇಬಾರದು, ಆ ಗಟ್ಟಿ ಉಕ್ಕು ಗಾಜಿನ ಚೂರಿನಂತೆ ಸಿಡಿಯುತ್ತದೆ. ಗುಂಡು ಓಡುವ ಹಾದಿಯಲ್ಲಿ ಸಮ ಅಂತರದಲ್ಲಿ ಸಣ್ಣ ಗುಳಿಗಳು ಕಂಡರೆ ಅದು ಸುತ್ತಿಗೆಯ ಏಟು. ಗ್ರೀಸ್ ಟಾರಿನಂತೆ ಕಪ್ಪಾಗಿ ಗಟ್ಟಿಯಾಗಿದ್ದರೆ ಬಿಸಿ ಹೆಚ್ಚಾಗಿದೆ. ಹೊರ ರಿಂಗಿನ ಬೆನ್ನು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಹೌಸಿಂಗ್ (ಬೇರಿಂಗ್ ಕೂರುವ ಗೂಡು) ಒಳಗೇ ಸುತ್ತಿದೆ, ಹೌಸಿಂಗ್ ರಿಪೇರಿ ಮಾಡದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಹಾದಿಗೆ ಅಡ್ಡಲಾಗಿ ಜಿಂಕ್ ಶೀಟಿನಂಥ ಏರಿಳಿತದ ಗೆರೆಗಳಿದ್ದರೆ ಬೇರಿಂಗ್ ಮೂಲಕ ಕರೆಂಟ್ ಹರಿದಿದೆ. ಮೋಟರ್ ವಿಎಫ್‌ಡಿ ಡ್ರೈವ್‌ನಲ್ಲಿ (ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಓಡುತ್ತಿದ್ದರೆ ಸಾಮಾನ್ಯವಾಗಿ ಅದೇ ಕಾರಣ. ವೆಲ್ಡಿಂಗ್‌ನವರು ಅರ್ತ್ ಕ್ಲಾಂಪನ್ನು ಕಂಡ ಕಡೆ ಕಚ್ಚಿಸಿದರೂ ಬೇರಿಂಗ್ ಸುಡುತ್ತದೆ. ಅರ್ತ್ ಯಾವಾಗಲೂ ಬೆಸೆಯುವ ಜಾಗದ ಪಕ್ಕದಲ್ಲೇ ಇರಬೇಕು, ನಡುವೆ ಬೇರಿಂಗ್ ಬರಕೂಡದು.

ನಂಬರ್ ಹೇಳಿ ಕೊಳ್ಳಿ

ಯಂತ್ರದ ಕಂಪನಿಯ ಪಾರ್ಟ್ ನಂಬರ್ ಹಿಡಿದು ಆರ್ಡರ್ ಮಾಡಿದರೆ ಅದೇ ಬೇರಿಂಗಿಗೆ ಹೊಸ ಡಬ್ಬಿಯ ಬೆಲೆಯನ್ನೂ ಕೊಡುತ್ತೀರಿ. ರಿಂಗಿನ ಮೇಲಿನ ನಂಬರ್ ಬರೆದುಕೊಂಡು ಬೇರಿಂಗ್ ಡೀಲರ್ ಹತ್ತಿರ ಹೋಗಿ. 6206 ಅಂದರೆ ಒಳವ್ಯಾಸ 30, ಹೊರವ್ಯಾಸ 62, ದಪ್ಪ 16 ಮಿ.ಮೀ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಶಾಫ್ಟ್ (ಬೇರಿಂಗ್ ಕೂರುವ ಸುತ್ತುವ ದಂಡ) ಅಳತೆ ಬರುತ್ತದೆ; 04ರಿಂದ ಮೇಲಿನವಕ್ಕೆ ಈ ಲೆಕ್ಕ ಸರಿ. ಆಯಿಲ್ ಸೀಲಿಗೂ ಹೀಗೇ, 30×52×10 ಎಂದು ಅಳತೆ ಹೇಳಿದರೆ ಸಾಕು.

ನಂಬರಿನ ಬಾಲವನ್ನು ಮಾತ್ರ ಮರೆಯಬೇಡಿ. ಝಡ್‌ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದರೆ ರಬ್ಬರ್ ಸೀಲ್. ಧೂಳು ಹಾರುವ ಗಿರಣಿಗೆ ರಬ್ಬರ್ ಸೀಲಿನದೇ ಸರಿ. ಸಿ3 ಎಂದಿದ್ದರೆ ಒಳಗಿನ ಸಡಿಲ ಮಾಮೂಲಿಗಿಂತ ಹೆಚ್ಚು. ಬಿಸಿಯಾಗುವ ಮೋಟರಿನಲ್ಲಿ ಒಳ ರಿಂಗ್ ಹಿಗ್ಗಿದಾಗ ಆ ಸಡಿಲವೇ ಬೇರಿಂಗನ್ನು ಕಾಯುತ್ತದೆ. ಸಿ3 ಇದ್ದ ಜಾಗಕ್ಕೆ ‘ಅದೇ ಸಾರ್, ಏನೂ ವ್ಯತ್ಯಾಸ ಇಲ್ಲ’ ಎಂದು ಸಾದಾ ಬೇರಿಂಗ್ ಕೊಟ್ಟರೆ ತೆಗೆದುಕೊಳ್ಳಬೇಡಿ.

ನಕಲಿ ಮಾಲಿನ ಕಾಟವೂ ಉಂಟು. ಡಬ್ಬಿ ಚೆನ್ನಾಗಿದೆ ಎಂಬುದು ಯಾವ ಗ್ಯಾರಂಟಿಯೂ ಅಲ್ಲ, ಡಬ್ಬಿಯನ್ನೇ ಮೊದಲು ನಕಲು ಮಾಡುತ್ತಾರೆ. ಅಧಿಕೃತ ಡೀಲರ್‌ನಿಂದ ಜಿಎಸ್‌ಟಿ ಬಿಲ್ ಸಮೇತ ಕೊಳ್ಳಿ. ಎಸ್‌ಕೆಎಫ್‌ನಂಥ ಕಂಪನಿಗಳು ಅಸಲಿಯೋ ನಕಲಿಯೋ ನೋಡಲು ಮೊಬೈಲ್ ಆ್ಯಪ್ ಕೊಟ್ಟಿವೆ, ಬಳಸಿಕೊಳ್ಳಿ. ಪಾಲಿಶ್ ಮಾಡಿ ಮಾರುವ ಸೆಕೆಂಡ್ಸ್ ಬೇರಿಂಗ್ ಕೈಗಾಡಿಗೂ ಬೇಡ.

ಶಾಫ್ಟ್ ಅಳೆಯಿರಿ

ಪುಲ್ಲರ್ ಹಾಕಿ ಹಳೆಯದನ್ನು ತೆಗೆಯಿರಿ, ಕೂರುವ ಜಾಗವನ್ನು ಒರೆಸಿ, ಮೈಕ್ರೋಮೀಟರ್ ಹಿಡಿಯಿರಿ. ವರ್ನಿಯರ್ ಇಲ್ಲಿ ಸಾಲದು. 30 ಮಿ.ಮೀ. ಬೇರಿಂಗಿನ ರಂಧ್ರ 29.990ರಿಂದ 30.000 ಇರುತ್ತದೆ. ಮೋಟರ್ ಶಾಫ್ಟಿಗೆ ಸಾಮಾನ್ಯವಾಗಿ ಕೊಡುವ ಕೆ5 ಎಂಬ ದರ್ಜೆಯ ಫಿಟ್‌ನಲ್ಲಿ ಶಾಫ್ಟ್ 30.002ರಿಂದ 30.011 ಇರಬೇಕು. ಕೂದಲೆಳೆಗಿಂತ ಸಣ್ಣ ಈ ಬಿಗಿಯೇ ಬೇರಿಂಗನ್ನು ಹಿಡಿದಿಡುವುದು.

ಹೊಸ ಬೇರಿಂಗ್ ಕೈಯಲ್ಲೇ ಸರಾಗ ಜಾರಿದರೆ ಶಾಫ್ಟ್ ಸವೆದಿದೆ ಎಂದರ್ಥ. ಆಗ ನಮ್ಮಲ್ಲಿ ನಡೆಯುವ ಉಪಾಯ ಗೊತ್ತಲ್ಲ, ಸೆಂಟರ್ ಪಂಚ್ ಹಿಡಿದು ಶಾಫ್ಟಿನ ಸುತ್ತ ಚುಕ್ಕಿ ಹೊಡೆಯುವುದು. ಚುಕ್ಕಿಯ ಅಂಚು ಎದ್ದು ಬೇರಿಂಗ್ ಬಿಗಿಯಾದಂತೆ ತೋರುತ್ತದೆ, ಕೆಲವೇ ದಿನಗಳಲ್ಲಿ ಆ ಅಂಚು ಚಪ್ಪಟೆಯಾಗಿ ಬೇರಿಂಗ್ ಮತ್ತೆ ಸುತ್ತುತ್ತದೆ, ಈ ಸಲ ಶಾಫ್ಟನ್ನೂ ತಿನ್ನುತ್ತದೆ. ತಗಡಿನ ಪಟ್ಟಿ ಸುತ್ತುವುದೂ ಇಂಥದ್ದೇ. ಸವೆತ ಅಲ್ಪವಾದರೆ ಬೇರಿಂಗಿಗೆಂದೇ ಸಿಗುವ ರಿಟೇನಿಂಗ್ ಕಾಂಪೌಂಡ್ ಎಂಬ ಅಂಟು ಹಚ್ಚಿ, ಹೆಚ್ಚಿದ್ದರೆ ಲೋಹ ತುಂಬಿಸಿ ಲೇತ್‌ನಲ್ಲಿ ತಿರುವಿಸಿ. ಸೀಲ್ ಉಜ್ಜಿ ಗೆರೆ ಬಿದ್ದ ಶಾಫ್ಟಿಗೆ ಮಾತ್ರ ಇಷ್ಟು ಖರ್ಚು ಬೇಡ: ಹೌಸಿಂಗಿನಲ್ಲಿ ಜಾಗವಿದ್ದರೆ ಹೊಸ ಸೀಲನ್ನು ಎರಡು ಮೂರು ಮಿ.ಮೀ. ಒಳಗೆ ಅಥವಾ ಹೊರಗೆ ಕೂರಿಸಿದರೆ ಸೀಲಿನ ತುಟಿ (ಶಾಫ್ಟಿಗೆ ತಾಗುವ ಅಂಚು) ನುಣುಪು ಜಾಗಕ್ಕೆ ಬರುತ್ತದೆ.

ಕೂರಿಸುವ ಕೆಲಸ

ಎಲ್ಲ ತಯಾರಿ ಮುಗಿಯುವವರೆಗೆ ಬೇರಿಂಗನ್ನು ಪೊಟ್ಟಣದಿಂದ ತೆಗೆಯಬೇಡಿ. ಹೊಸ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಅದರ ಮೇಲಿರುವ ಎಣ್ಣೆ ತುಕ್ಕು ಹಿಡಿಯದಂತೆ ಹಚ್ಚಿದ್ದು, ಗ್ರೀಸಿನ ಜೊತೆ ಇದ್ದರೆ ತೊಂದರೆಯಿಲ್ಲ.

ಒಂದೇ ನಿಯಮ: ಯಾವ ರಿಂಗ್ ಬಿಗಿಯಾಗಿ ಕೂರುತ್ತದೋ ಅದರ ಮೇಲಷ್ಟೇ ಬಲ ಬೀಳಬೇಕು. ಶಾಫ್ಟಿಗೆ ಏರಿಸುವಾಗ ಒಳ ರಿಂಗ್, ಹೌಸಿಂಗಿಗೆ ಇಳಿಸುವಾಗ ಹೊರ ರಿಂಗ್. ಶಾಫ್ಟಿಗೆ ಏರಿಸುತ್ತ ಹೊರ ರಿಂಗಿಗೆ ಹೊಡೆದರೆ ಏಟು ಗುಂಡುಗಳ ಮೂಲಕವೇ ಒಳಗೆ ಹೋಗಬೇಕು, ಪ್ರತಿ ಗುಂಡೂ ಹಾದಿಯಲ್ಲಿ ಒಂದು ಗುಳಿ ಕೊರೆಯುತ್ತದೆ. ಕೈಯಲ್ಲಿ ತಿರುಗಿಸಿದರೆ ಗೊತ್ತೇ ಆಗುವುದಿಲ್ಲ, ಕೆಲವು ವಾರ ಕಳೆದ ಮೇಲೆ ಗುಂಯ್‌ಗುಡುವ ಸದ್ದು ಬರುತ್ತದೆ. ಆಗ ಬೈಗುಳ ಬೇರಿಂಗ್ ಕಂಪನಿಗೆ.

ಏಟು ಒಳ ರಿಂಗಿಗಷ್ಟೇ ತಾಗಲು 6206ಕ್ಕೆ ಒಳವ್ಯಾಸ 31, ಹೊರವ್ಯಾಸ 38 ಮಿ.ಮೀ. ಇರುವ ಪೈಪ್ ತುಂಡು ಬೇಕು. ಎರಡೂ ತುದಿಯನ್ನು ಲೇತ್‌ನಲ್ಲಿ ಸಮತಟ್ಟಾಗಿ ಫೇಸ್ ಮಾಡಿಸಿ, ಹೊಡೆಯುವ ತುದಿಗೆ ಮುಚ್ಚಳ ಬೆಸೆಸಿ. ನಿಮ್ಮಲ್ಲಿ ಹೆಚ್ಚು ಬಳಕೆಯ ನಾಲ್ಕೈದು ಅಳತೆಗೆ ಇಂಥ ತುಂಡು ಮಾಡಿಸಿ ನಂಬರ್ ಕೆತ್ತಿಸಿಟ್ಟರೆ ಒಂದೇ ಬಾರಿಯ ಖರ್ಚು, ಆಯುಷ್ಯಪೂರ್ತಿ ಬಾಳುತ್ತದೆ. ಹಿತ್ತಾಳೆ ಪಂಚ್ ಹಿಡಿದು ಸುತ್ತ ಸುತ್ತ ಬಡಿಯುವ ಅಭ್ಯಾಸ ಬಿಡಿ, ಅದರ ಚೂರು ಬೇರಿಂಗ್ ಒಳಗೆ ಬೀಳುತ್ತದೆ.

ಶಾಫ್ಟಿಗೆ ತೆಳುವಾಗಿ ಎಣ್ಣೆ ಸವರಿ, ಬೇರಿಂಗ್ ಇಟ್ಟು, ಪೈಪ್ ನೇರ ಹಿಡಿದು ಹಗುರವಾಗಿ ತಟ್ಟಿ. ಮೊದಲ ಎರಡು ಮಿ.ಮೀ. ಸೊಟ್ಟ ಹೋಗದಿದ್ದರೆ ಮಿಕ್ಕದ್ದು ತಾನೇ ಹೋಗುತ್ತದೆ. ವಾಲಿದರೆ ನಿಲ್ಲಿಸಿ, ತೆಗೆದು ಮತ್ತೆ ಶುರು ಮಾಡಿ. ಎದುರು ಬದಿಗೆ ಹೊಡೆದು ನೆಟ್ಟಗೆ ಮಾಡಲು ಹೋದರೆ ಶಾಫ್ಟ್ ಗೀರುತ್ತದೆ. ಬೇರಿಂಗ್ ಶಾಫ್ಟಿನ ಭುಜಕ್ಕೆ (ಬೇರಿಂಗ್ ಹೋಗಿ ನಿಲ್ಲುವ ಮೆಟ್ಟಿಲು) ತಾಗಿದ ಕ್ಷಣ ಏಟಿನ ಸದ್ದು ಬದಲಾಗಿ ಗಟ್ಟಿಯಾಗುತ್ತದೆ. ಅಲ್ಲಿಗೆ ಸಾಕು. 0.03 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಬೇರಿಂಗ್ ಮತ್ತು ಭುಜದ ಸಂದಿಯಲ್ಲಿ ತೂರಬಾರದು.

ದೊಡ್ಡ ಬೇರಿಂಗನ್ನು ಬಿಸಿ ಮಾಡಿ ಹಾಕುವುದೇ ಲೇಸು. ಮುಚ್ಚಳವಿಲ್ಲದ್ದನ್ನು 110 ಡಿಗ್ರಿವರೆಗೆ ಕಾಯಿಸಬಹುದು. ಝಡ್‌ಝಡ್, 2ಆರ್‌ಎಸ್ ಆದರೆ 80 ದಾಟಬಾರದು, ಎಣ್ಣೆಯ ಬಾಣಲೆಗೂ ಹಾಕಬಾರದು, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಗ್ಯಾಸ್ ಟಾರ್ಚ್ ಬೇಡವೇ ಬೇಡ, ಉಕ್ಕಿನ ಹದವೇ ಕೆಡುತ್ತದೆ. ಲೇಸರ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ, ರಿಂಗಿಗೆ ಸಣ್ಣ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಕೈಗವಸು ಹಾಕಿ ಒಂದೇ ಸಲಕ್ಕೆ ಭುಜದವರೆಗೆ ತಳ್ಳಿ, ಶಾಫ್ಟನ್ನು ಕಚ್ಚಿ ಹಿಡಿಯುವವರೆಗೆ ಒತ್ತಿಕೊಂಡೇ ಇರಿ. ಕೈಬಿಟ್ಟರೆ ಆರುತ್ತ ಕುಗ್ಗುವ ಬೇರಿಂಗ್ ಭುಜದಿಂದ ಹಿಂದೆ ಸರಿದು ಸಂದಿ ಉಳಿಯುತ್ತದೆ.

ಗ್ರೀಸ್ ಗ್ರಾಂ ಲೆಕ್ಕದಲ್ಲಿ

ಹೆಚ್ಚು ಗ್ರೀಸ್ ಹಾಕಿದರೆ ಹೆಚ್ಚು ಬಾಳಿಕೆ ಎನ್ನುವುದು ತಪ್ಪು. ತುಂಬಿ ತುಳುಕಿದ ಗ್ರೀಸ್ ಕಡೆದು ಕಡೆದು ಬಿಸಿಯಾಗಿ, ಸೀಲ್ ದೂಡಿ, ಮೋಟರಿನಲ್ಲಿ ವೈಂಡಿಂಗ್‌ಗೂ ಹೋಗುತ್ತದೆ. ಮರು ಗ್ರೀಸಿಂಗಿಗೆ ಲೆಕ್ಕ ಸುಲಭ: ಹೊರವ್ಯಾಸ ಗುಣಿಸು ದಪ್ಪ ಗುಣಿಸು 0.005. 6206ಕ್ಕೆ 62×16×0.005, ಅಂದರೆ ಸುಮಾರು 5 ಗ್ರಾಂ. ಗ್ರೀಸ್ ಗನ್ನಿನಿಂದ ಹತ್ತು ಸಲ ಕಾಗದದ ಮೇಲೆ ಒತ್ತಿ ತೂಗಿ, ಹತ್ತರಿಂದ ಭಾಗಿಸಿ, ಬಂದ ಅಂಕಿಯನ್ನು ಗನ್ನಿನ ಮೇಲೆ ಪೇಂಟಿನಲ್ಲಿ ಬರೆದುಬಿಡಿ. ಲಿಥಿಯಂ ಗ್ರೀಸ್ ಇದ್ದಲ್ಲಿ ಪಾಲಿಯೂರಿಯಾ ಗ್ರೀಸ್ ಬೆರೆಸಿದರೆ ಎರಡೂ ನೀರಾಗಿ ಸೋರಬಹುದು. ಊರಿಗೆಲ್ಲ ಒಂದೇ ಗ್ರೀಸ್ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ.

ಬೆಲ್ಟ್ ಬಿಗಿದಷ್ಟೂ ಬೇರಿಂಗಿಗೆ ಕುತ್ತು

ಬಾಲ್ ಬೇರಿಂಗಿನ ಮೇಲಿನ ಭಾರ ಎರಡು ಪಟ್ಟಾದರೆ ಲೆಕ್ಕದ ಆಯುಷ್ಯ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಫುಲ್ ಲೋಡ್‌ನಲ್ಲಿ ಜಾರದಷ್ಟು ಬಿಗಿ ಸಾಕು. ಪುಲ್ಲಿಗಳ ನಡುವೆ ಒಂದು ಮೀಟರ್ ಇದ್ದರೆ ಮಧ್ಯದಲ್ಲಿ ಒತ್ತಿದಾಗ ಸುಮಾರು 16 ಮಿ.ಮೀ. ಬಗ್ಗಬೇಕು. ಹೊಸ ಬೆಲ್ಟನ್ನು ಒಂದು ದಿನ ಓಡಿಸಿ ಮತ್ತೆ ಬಿಗಿಯಿರಿ. ಎರಡೂ ಪುಲ್ಲಿಗಳ ಮುಖಕ್ಕೆ ದಾರ ಎಳೆದರೆ ನಾಲ್ಕು ಕಡೆಯೂ ತಾಗಬೇಕು. ಮೂರು ಬೆಲ್ಟಿನ ಪುಲ್ಲಿಯಲ್ಲಿ ಒಂದು ಹೋದರೆ ಮೂರನ್ನೂ ಬದಲಿಸಿ, ಇಲ್ಲವಾದರೆ ಇಡೀ ಎಳೆತ ಹೊಸದೊಂದರ ಮೇಲೇ ಬೀಳುತ್ತದೆ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡಿನ ತಳ ಹೊಳೆಯುತ್ತಿದ್ದರೆ ಸವೆದಿರುವುದು ಪುಲ್ಲಿ, ಎಷ್ಟು ಬೆಲ್ಟ್ ಹಾಕಿದರೂ ಜಾರುತ್ತದೆ. ಬೆಲ್ಟಿಗೆ ಸಿಂಪಡಿಸುವ ಅಂಟಿನ ಸ್ಪ್ರೇಗೆ ದುಡ್ಡು ಹಾಕಬೇಡಿ. ಎರಡು ದಿನ ಕಿರುಚಾಟ ನಿಲ್ಲುತ್ತದೆ, ಆಮೇಲೆ ಧೂಳು ಹಿಡಿದು ರಬ್ಬರನ್ನೇ ತಿನ್ನುತ್ತದೆ.

ಸ್ಟಾಕ್ ಎಷ್ಟು?

ಯಾವುದು ನಿಂತರೆ ಇಡೀ ಮಿಲ್ ನಿಲ್ಲುತ್ತದೋ ಅದಕ್ಕೆ ಒಂದು ಸೆಟ್, ಒಂದೇ ದಿನದಲ್ಲಿ ಪೇಟೆಯಿಂದ ತರಬಹುದಾದ್ದಕ್ಕೆ ಸೊನ್ನೆ. ಬೇರಿಂಗನ್ನು ಪೊಟ್ಟಣ ಒಡೆಯದೆ ಮಲಗಿಸಿಡಿ, ಯಂತ್ರದ ಅದುರು ತಾಗದ ಗೋಡೆಯ ಕಪಾಟಿನಲ್ಲಿ. ಬೆಲ್ಟನ್ನು ಮೊಳೆಗೆ ನೇತುಹಾಕಬೇಡಿ, ಮೊಳೆಯ ಜಾಗದಲ್ಲೇ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ದಪ್ಪ ಪೈಪಿನ ತುಂಡು ಗೋಡೆಗೆ ಹೊಡೆದು ಅದಕ್ಕೆ ಹಾಕಿ. ಬೇರಿಂಗ್ ಬದಲಿಸಿದ ದಿನವೇ ಹೌಸಿಂಗಿನ ಮೇಲೆ ಪೇಂಟ್ ಮಾರ್ಕರ್‌ನಲ್ಲಿ ನಂಬರ್ ಮತ್ತು ತಾರೀಖು ಬರೆಯಿರಿ. ಮುಂದಿನ ಸಲ ಅದು ಎಷ್ಟು ತಿಂಗಳು ಬಾಳಿತೆಂದು ಯಾರನ್ನೂ ಕೇಳಬೇಕಾಗಿಲ್ಲ.