ವಾಷಿಂಗ್ಟನ್‌ನಲ್ಲಿ ಪುಟ್ಟ ಮಗುವಿಗೆ ಸ್ಪ್ಯಾನಿಷ್–ಇಂಗ್ಲಿಷ್ ಸರ್ಕಾರಿ ಶಾಲೆ: ಆರಿಸುವುದು ಹೇಗೆ?

ವಾಷಿಂಗ್ಟನ್ ಡಿ.ಸಿ.ಯಲ್ಲಿ ಮೂರು ತುಂಬಿದ ಮಗು ಸರ್ಕಾರಿ ಶಾಲೆಗೆ ಫೀಸಿಲ್ಲದೆ ಹೋಗಬಹುದು. ಖಾಸಗಿ ಡೇಕೇರ್ ಖರ್ಚು ವರ್ಷಕ್ಕೆ 20,000 ಡಾಲರ್ ಸುಲಭವಾಗಿ ದಾಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಠ ನಡೆಯುವ ಶಾಲೆಗಳೂ ಇವುಗಳಲ್ಲಿವೆ. ಓಯ್‌ಸ್ಟರ್–ಆ್ಯಡಮ್ಸ್ ಶಾಲೆಯ ದ್ವಿಭಾಷಾ ಪಾಠ 1971ರಷ್ಟು ಹಳೆಯದು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇನ್ನೆರಡು ಭಾಷೆ, ಮಗು ಗೊಂದಲಕ್ಕೆ ಬೀಳುವುದಿಲ್ಲವೇ ಎಂದು ಕನ್ನಡದ ಅಪ್ಪ-ಅಮ್ಮಂದಿರು ಕೇಳುವುದು ಸಹಜ. ಭಾಷೆಗೆ ಹೆದರಬೇಡಿ ಎನ್ನುತ್ತೇನೆ. ನಮ್ಮ ಬೆಂಗಳೂರು, ಮಂಗಳೂರಿನ ಎಷ್ಟೋ ಮಕ್ಕಳು ಮೂರು ಭಾಷೆಯ ನಡುವೆಯೇ ಬೆಳೆಯುತ್ತಾರೆ ಅಲ್ವಾ? ಯೋಚಿಸಬೇಕಾದದ್ದು ಬೇರೆ. ಐದಾರು ವರ್ಷ ಅದೇ ಹಾದಿಯಲ್ಲಿ ಉಳಿಯಲು ಆಗದಿದ್ದರೆ ಸುಮ್ನೆ ಸೇರಿಸಬೇಡಿ.

ಮೊದಲು ಅರ್ಹತೆ

ಕಿಂಡರ್‌ಗಾರ್ಟನ್‌ಗೆ ಮೊದಲಿನ ಎರಡು ತರಗತಿಗಳನ್ನು ಇಲ್ಲಿ ಪಿಕೆ (ಪ್ರೀ-ಕಿಂಡರ್‌ಗಾರ್ಟನ್) ಎನ್ನುತ್ತಾರೆ. ಸೆಪ್ಟೆಂಬರ್ 30ರೊಳಗೆ ಮೂರು ತುಂಬಿದರೆ ಪಿಕೆ3, ನಾಲ್ಕು ತುಂಬಿದರೆ ಪಿಕೆ4. ಮನೆ ಡಿ.ಸಿ. ಗಡಿಯೊಳಗೆ ಇರಬೇಕು ಮತ್ತು ಅದಕ್ಕೆ ದಾಖಲೆ ಕೊಡಬೇಕು. ನಿಮ್ಮದು ಯಾವ ವೀಸಾ ಎಂಬುದು ಇಲ್ಲಿ ಮುಖ್ಯವಲ್ಲ. ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಇರುವವರಿಗೆ ಈ ಉಚಿತ ಸೀಟು ಇಲ್ಲ. ಅಲ್ಲಿನ ಕೌಂಟಿಗಳ ನಿಯಮವೇ ಬೇರೆ.

ಭೇಟಿಗೆ ಹೋದಾಗ ಏನು ನೋಡಬೇಕು

ಶಾಲೆ ಆರಿಸುವ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲೇ. ದಿನದಲ್ಲಿ ಯಾವ ಭಾಷೆ ಎಷ್ಟು ಹೊತ್ತು ಎಂದು ಮೊದಲು ಕೇಳಿ. ಕೆಲವು ಶಾಲೆಗಳಲ್ಲಿ ಅರ್ಧರ್ಧ. ಕೆಲವು ಕಡೆ ಚಿಕ್ಕ ತರಗತಿಗಳಲ್ಲಿ ಹೆಚ್ಚಿನ ಪಾಲು ಸ್ಪ್ಯಾನಿಷ್, ಆಮೇಲೆ ಇಂಗ್ಲಿಷ್ ನಿಧಾನವಾಗಿ ಏರುತ್ತದೆ. ನನಗೆ ಎರಡನೆಯ ಬಗೆಯೇ ಇಷ್ಟ. ಇಂಗ್ಲಿಷ್ ಬೀದಿಯಲ್ಲಿ, ಟಿವಿಯಲ್ಲಿ, ಪಾರ್ಕಿನಲ್ಲಿ ಹೇಗೂ ಸಿಗುತ್ತದೆ. ಸ್ಪ್ಯಾನಿಷ್ ಸಿಗುವುದು ಶಾಲೆಯಲ್ಲಿ ಮಾತ್ರ.

ಶಾಲೆ ಹೇಳುವ ಲೆಕ್ಕವನ್ನೇ ನಂಬಿ ಬರಬೇಡಿ. ತರಗತಿಯ ಬಾಗಿಲಲ್ಲಿ ಹತ್ತು ನಿಮಿಷ ನಿಂತು ಕಿವಿಗೊಡಿ. ಬಿದ್ದು ಅಳುವ ಮಗುವನ್ನು ಟೀಚರ್ ಯಾವ ಭಾಷೆಯಲ್ಲಿ ಸಮಾಧಾನ ಮಾಡುತ್ತಾರೆ? ಊಟದ ಹೊತ್ತಿನಲ್ಲಿ, ಕೈ ತೊಳೆಯುವಾಗ ಸ್ಪ್ಯಾನಿಷ್ ಕೇಳಿಸುತ್ತದೆಯೇ? ಹಾಡು ಹೇಳುವಾಗ ಮಾತ್ರ ಸ್ಪ್ಯಾನಿಷ್, ಉಳಿದದ್ದೆಲ್ಲ ಇಂಗ್ಲಿಷ್ ಆದರೆ ಅದು ಹೆಸರಿಗಷ್ಟೇ ದ್ವಿಭಾಷಾ ಶಾಲೆ. ಸ್ಪ್ಯಾನಿಷ್ ಪುಸ್ತಕಗಳು ಮಕ್ಕಳ ಕೈಗೆಟುಕುವ ಕಪಾಟಿನಲ್ಲಿವೆಯೇ, ಅಂಚು ಸವೆದಿವೆಯೇ ನೋಡಿ. ಸ್ಪ್ಯಾನಿಷ್ ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ ಎಂದೂ ಕೇಳಿ. ಪ್ರತಿ ವರ್ಷ ಟೀಚರ್ ಬದಲಾದರೆ ಮಗುವಿಗೆ ಭಾಷೆ ಹತ್ತುವುದು ಕಷ್ಟ.

ಮನೆಯಲ್ಲೇ ಸ್ಪ್ಯಾನಿಷ್ ಆಡುವ ಮಕ್ಕಳು ತರಗತಿಯಲ್ಲಿ ಎಷ್ಟಿದ್ದಾರೆ ಎಂಬುದೂ ಮುಖ್ಯ. ಮಕ್ಕಳು ಟೀಚರ್‌ಗಿಂತ ಜೊತೆಗಾರರಿಂದ ಬೇಗ ಕಲಿಯುತ್ತಾರೆ. ಕನ್ನಡದ ಮಗುವಿಗೆ ಒಂದು ಅನುಕೂಲವೂ ಇದೆ. ಸ್ಪ್ಯಾನಿಷ್‌ನ ಅ, ಎ, ಇ, ಒ, ಉ ಸ್ವರಗಳು, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ತಕಾರ ನಮ್ಮವಕ್ಕೆ ಹತ್ತಿರ.

ಲಾಟರಿ ಅರ್ಜಿ

ಪಿಕೆ3, ಪಿಕೆ4 ಸೀಟುಗಳಿಗೆ 'ಮೈ ಸ್ಕೂಲ್ ಡಿಸಿ' ಎಂಬ ಸಾಮಾನ್ಯ ಲಾಟರಿ ಇದೆ. ನಗರದ ಶಾಲೆಗಳೂ ಬಹುತೇಕ ಚಾರ್ಟರ್ ಶಾಲೆಗಳೂ ಇದರಲ್ಲೇ ಬರುತ್ತವೆ. ಚಾರ್ಟರ್ ಎಂದರೆ ಸರ್ಕಾರದ ಹಣದಲ್ಲಿ, ಸ್ವಂತ ಆಡಳಿತದಲ್ಲಿ ನಡೆಯುವ ಶಾಲೆ. ಅರ್ಜಿ ಡಿಸೆಂಬರ್ ಹೊತ್ತಿಗೆ ತೆರೆಯುತ್ತದೆ, ಮಾರ್ಚ್ ಆರಂಭಕ್ಕೆ ಮುಗಿಯುತ್ತದೆ. 12 ಶಾಲೆಗಳವರೆಗೆ ಬರೆಯಬಹುದು.

ನಿಮಗೆ ನಿಜವಾಗಿ ಯಾವುದು ಹೆಚ್ಚು ಇಷ್ಟವೋ ಅದನ್ನೇ ಮೊದಲು ಬರೆಯಿರಿ. "ಅಲ್ಲಿ ಸೀಟು ಸಿಗೋದಿಲ್ಲ, ಕೆಳಗೆ ಹಾಕು" ಎಂದು ಸ್ನೇಹಿತರು ಹೇಳಿದರೆ ಕೇಳಬೇಡಿ. ಕಷ್ಟದ ಶಾಲೆಯನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನ ಶಾಲೆಯ ಅವಕಾಶ ತಗ್ಗದ ಹಾಗೆ ಈ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಒಂದು ಶಾಲೆ ಸಿಕ್ಕರೆ, ಅದಕ್ಕಿಂತ ಮೇಲೆ ಬರೆದ ಶಾಲೆಗಳ ವೇಟ್‌ಲಿಸ್ಟಿನಲ್ಲಿ ಹೆಸರು ಉಳಿಯುತ್ತದೆ. ಕೆಳಗಿನವುಗಳಲ್ಲಿ ಉಳಿಯುವುದಿಲ್ಲ. ಬೇಡವಾದ ಶಾಲೆಯನ್ನು ಬರೆಯಲೇಬೇಡಿ.

ಮನೆ ಪಕ್ಕದ ಶಾಲೆ ಎಂದು ನಿಶ್ಚಿಂತೆಯಿಂದ ಇರಬೇಡಿ. ನಿಮ್ಮ ಬಡಾವಣೆಯ ಶಾಲೆಯಲ್ಲಿ ಸೀಟು ಖಚಿತವಾಗುವುದು ಸಾಮಾನ್ಯವಾಗಿ ಕಿಂಡರ್‌ಗಾರ್ಟನ್‌ನಿಂದ. ಅದಕ್ಕೆ ಮೊದಲು ಆದ್ಯತೆ ಇರುತ್ತದೆ, ಅಷ್ಟೇ. ಕೆಲವು ಶಾಲೆಗಳು ಸ್ಪ್ಯಾನಿಷ್ ಮನೆಮಾತಿನವರಿಗೆ ಬೇರೆ ಸೀಟು ಇಡುತ್ತವೆ. ಅಲ್ಲಿ ಮಗುವಿನ ಸ್ಪ್ಯಾನಿಷ್ ಪರೀಕ್ಷಿಸುತ್ತಾರೆ. ಅದು ಆ ಮನೆಗಳ ಮಕ್ಕಳಿಗೆಂದು ಇಟ್ಟ ಸೀಟು, ಅವರಿಗೇ ಬಿಡೋಣ.

ಮುಂದಿನ ದಾರಿ

ಎರಡನೇ ಭಾಷೆಯಲ್ಲಿ ಪಾಠ ಓದಿ ಬರೆಯುವಷ್ಟು ಹಿಡಿತ ಬರಲು ಐದರಿಂದ ಏಳು ವರ್ಷ ಬೇಕು ಎಂದು ಸಂಶೋಧಕರು ಬಹಳ ಹಿಂದೆಯೇ ಹೇಳಿದ್ದಾರೆ. ಒಂದು ವರ್ಷ ಕಳಿಸಿ ಬಿಡಿಸಿದರೆ ಉಳಿಯುವುದು ಬಣ್ಣಗಳ ಹೆಸರು, ನಾಲ್ಕು ಹಾಡು. ಹಾಗಾಗಿ ಐದನೇ ತರಗತಿಯ ನಂತರ ಏನು ಎಂದು ಈಗಲೇ ಕೇಳಿ. ಓಯ್‌ಸ್ಟರ್–ಆ್ಯಡಮ್ಸ್‌ನಲ್ಲಿ ಎಂಟನೇ ತರಗತಿವರೆಗೆ ಇದೆ. ಮುಂಡೋ ವೆರ್ಡೆ, ಡಿಸಿ ಬೈಲಿಂಗ್ವಲ್, ಲ್ಯಾಂಬ್ ಶಾಲೆಗಳ ಮಕ್ಕಳಿಗೆ ಆರನೇ ತರಗತಿಯಿಂದ ಡಿ.ಸಿ. ಇಂಟರ್‌ನ್ಯಾಷನಲ್ ಶಾಲೆಗೆ ದಾರಿ ಇದೆ. ಎರಡು ವರ್ಷಕ್ಕೆ ಊರು ಬದಲಾಗುವ ಕೆಲಸ ನಿಮ್ಮದಾದರೆ ಹತ್ತಿರದ ಒಳ್ಳೆಯ ಸಾಮಾನ್ಯ ಶಾಲೆಯೇ ಮೇಲು.

ಮನೆಯ ಕನ್ನಡ

ಸೇರಿಸುವಾಗ ಮನೆಭಾಷೆ ಯಾವುದು ಎಂದು ಒಂದು ಫಾರಂ ಕೇಳುತ್ತದೆ. ಮನೆಯಲ್ಲಿ ಕನ್ನಡ ಆಡುತ್ತಿದ್ದರೆ ಕನ್ನಡ ಎಂದೇ ಬರೆಯಿರಿ. ಅದರಿಂದ ಸೀಟು ಹೋಗುವುದಿಲ್ಲ, ಬೇಕಾದರೆ ಇಂಗ್ಲಿಷ್ ಕಲಿಕೆಗೆ ನೆರವು ಸಿಗಬಹುದು. ಶಾಲೆಯಲ್ಲಿ ಎರಡು ಭಾಷೆ ಇದೆ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಅಜ್ಜಿ-ತಾತನ ಜೊತೆ ಫೋನಿನಲ್ಲಿ ಮಾತಾಡಲು ಬೇಕಾದದ್ದು ಅದೇ ಭಾಷೆ.

ಮೊದಲ ಕೆಲವು ತಿಂಗಳು ಮಗು ತರಗತಿಯಲ್ಲಿ ಬಾಯಿ ಬಿಡದೆ ಇರಬಹುದು. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಬಹುದು. ಎರಡೂ ಸಹಜ. ಆದರೆ ಕನ್ನಡದಲ್ಲೂ ಮಾತು ಹಿಂದುಳಿದಿದ್ದರೆ ಶಾಲೆಯ ಭಾಷೆಯನ್ನು ದೂರುತ್ತಾ ಕಾಯಬೇಡಿ. ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ನಗರದ ಶಾಲಾ ಇಲಾಖೆಯ 'ಅರ್ಲಿ ಸ್ಟೇಜಸ್' ಕೇಂದ್ರದಲ್ಲಿ ಈ ವಯಸ್ಸಿನ ಮಕ್ಕಳ ಬೆಳವಣಿಗೆಯನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಅಲ್ಲಿಗೆ ಹೋದಾಗ ಮಗುವಿನ ಮನೆಮಾತು ಕನ್ನಡ ಎಂದು ಮೊದಲೇ ಹೇಳಿ, ಕನ್ನಡ ಬಲ್ಲ ಅನುವಾದಕರನ್ನು ಕೇಳಿ.