ಒಂದೇ ಪಾಸ್‌ವರ್ಡ್, ಲ್ಯಾಬಿನ ಎಲ್ಲ ಕಂಪ್ಯೂಟರಿಗೂ

ದಾವಣಗೆರೆಯ ಕಾಲೇಜೊಂದರ ಲಿನಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ, ಪಾಸ್‌ವರ್ಡ್ ಮರೆತು ಬಂದ ಹುಡುಗರಿಗೆ ನನ್ನ ಮೊದಲ ಪ್ರಶ್ನೆ: 'ನಿನ್ನೆ ಯಾವ ಸಿಸ್ಟಂನಾಗೆ ಕೂತಿದ್ದೆಪ್ಪಾ?' ಖಾತೆಗಳು ಆಯಾ ಕಂಪ್ಯೂಟರಿನಲ್ಲೇ ಇದ್ದರೆ ಇದೇ ಗೋಳು. ಎಲ್ಲವನ್ನೂ ಒಂದು ಎಲ್‌ಡ್ಯಾಪ್ ಸರ್ವರಿನಲ್ಲಿ, ಅಂದರೆ ಖಾತೆಗಳ ಪಟ್ಟಿಯನ್ನು ನೆಟ್‌ವರ್ಕಿನಲ್ಲಿ ಎಲ್ಲರಿಗೂ ಒದಗಿಸುವ ಸರ್ವರಿನಲ್ಲಿ, ಇಟ್ಟರೆ ತಾಪತ್ರಯ ತಪ್ಪುತ್ತದೆ. ಸರ್ವರ್ ಸಿದ್ಧವಿದೆ ಎಂದುಕೊಂಡು, ಉಬುಂಟು ಕಂಪ್ಯೂಟರನ್ನು ಅದಕ್ಕೆ ಜೋಡಿಸೋಣ.

ಏನನ್ನೂ ಮುಟ್ಟುವ ಮೊದಲು ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ (ಎಲ್ಲ ಅಧಿಕಾರವೂ ಇರುವ ಖಾತೆ) ಆಗಿ ಲಾಗಿನ್ ಆಗಿ, ಹಾಗೇ ಬಿಡಿ. ಮೊದಲ ಸಲ ನಾನು ಲಾಗಿನ್ ತಪಾಸಣೆ ನಡೆಸುವ ಪ್ಯಾಮ್‌ನ ಕಡತವನ್ನು ಕೈಯಾರೆ ತಿದ್ದಿ ಲಾಗೌಟ್ ಆದೆ. ಬೀಗದಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಯಿತು. ಕೊನೆಗೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸರಿಪಡಿಸಬೇಕಾಯಿತು.

ಈಗ ಎಸ್‌ಎಸ್‌ಎಸ್‌ಡಿ (ಕಂಪ್ಯೂಟರಿಗೂ ಎಲ್‌ಡ್ಯಾಪ್ ಸರ್ವರಿಗೂ ನಡುವೆ ನಿಂತು ಕೆಲಸ ಮಾಡುವ ಸೇವೆ) ಮತ್ತು ಅದರ ಎಲ್‌ಡ್ಯಾಪ್, ಪ್ಯಾಮ್, ಎನ್‌ಎಸ್‌ಎಸ್ ಪ್ಯಾಕೇಜುಗಳನ್ನು ಆಪ್ಟ್ ಮೂಲಕ ಹಾಕಿಕೊಳ್ಳಿ. ಎಸ್‌ಎಸ್‌ಎಸ್‌ಡಿಯ ಕಾನ್ಫಿಗ್ ಕಡತದಲ್ಲಿ ಸರ್ವರಿನ ವಿಳಾಸ, ಹುಡುಕಾಟದ ಬೇಸ್ (ಪಟ್ಟಿಯ ಯಾವ ಭಾಗದಿಂದ ಹುಡುಕಬೇಕೆಂಬುದು), ಸರ್ವರಿನ ಗುರುತು ಖಚಿತಪಡಿಸುವ ಸರ್ಟಿಫಿಕೇಟ್ ಇರುವ ಜಾಗ ಬರೆಯಿರಿ. ಐಡಿ ಪ್ರೊವೈಡರ್, ಆಥ್ ಪ್ರೊವೈಡರ್ ಎರಡಕ್ಕೂ ಎಲ್‌ಡ್ಯಾಪ್ ಎಂದೇ ಕೊಡಿ. ಕಡತದ ಮಾಲೀಕ ರೂಟ್, ಅನುಮತಿ 600 (ಮಾಲೀಕ ಮಾತ್ರ ಓದಿ ಬರೆಯುವಂತೆ) ಇರಲಿ. ಕ್ಯಾಶ್ ಕ್ರೆಡೆನ್ಶಿಯಲ್ಸ್ ಸಾಲಿಗೆ ಟ್ರೂ ಎಂದು ಹಾಕಿದರೆ, ಕರೆಂಟ್ ಹೋಗಿ ಸರ್ವರ್ ಮಲಗಿದರೂ ಆ ಕಂಪ್ಯೂಟರಿನಲ್ಲಿ ಒಮ್ಮೆ ಲಾಗಿನ್ ಆದವರು ಮತ್ತೆ ಒಳಬರಬಹುದು. ನಮ್ಮ ಕಡೆ ಇದನ್ನು ಮರೆಯಬಾರದು.

ಬಹಳ ಜನ ಎಡವುವುದು ಮುಂದಿನ ಹಂತದಲ್ಲಿ. ಇಲ್ಲಿ ಕೆಲಸ ಎರಡು. 'ಈ ಹೆಸರಿನವರು ಇದ್ದಾರೆಯೇ' ಎಂದು ನೋಡುವುದು ಎನ್‌ಎಸ್‌ಎಸ್. 'ಪಾಸ್‌ವರ್ಡ್ ಸರಿಯೇ' ಎಂದು ನೋಡುವುದು ಪ್ಯಾಮ್. ಎನ್‌ಎಸ್‌ಎಸ್ ನೋಡುವ ಎನ್‌ಎಸ್‌ಸ್ವಿಚ್ ಕಡತದ passwd, group ಸಾಲುಗಳಲ್ಲಿ ಮೊದಲು ಫೈಲ್ಸ್ (ಕಂಪ್ಯೂಟರಿನದೇ ಖಾತೆಗಳು), ಆಮೇಲೆ ಎಸ್‌ಎಸ್‌ಎಸ್ (ಎಸ್‌ಎಸ್‌ಎಸ್‌ಡಿ ಕೊಡುವವು) ಇರಬೇಕು. ಅದೇ ಹೆಸರಿನ ಹಳೆಯ ಖಾತೆ ಕಂಪ್ಯೂಟರಿನಲ್ಲೇ ಉಳಿದಿದ್ದರೆ ಎನ್‌ಎಸ್‌ಎಸ್ ಅದನ್ನೇ ಮೊದಲು ತೋರಿಸುತ್ತದೆ, ತೆಗೆದುಹಾಕಿ. ಪ್ಯಾಮ್ ಕಡತಗಳನ್ನು ಕೈಯಲ್ಲಿ ತಿದ್ದಬೇಡಿ. ಪ್ಯಾಮ್-ಆಥ್-ಅಪ್‌ಡೇಟ್ ಕಮಾಂಡ್ ಓಡಿಸಿ, ಹೋಮ್ ಫೋಲ್ಡರ್ ತಾನಾಗಿ ಸೃಷ್ಟಿಯಾಗುವ ಆಯ್ಕೆಗೂ ಗುರುತು ಹಾಕಿ.

ಎಸ್‌ಎಸ್‌ಎಸ್‌ಡಿಯನ್ನು ರೀಸ್ಟಾರ್ಟ್ ಮಾಡಿ, ಗೆಟ್‌ಎಂಟ್ ಕಮಾಂಡಿಗೆ passwd ಎಂದೂ, ಅದರ ಮುಂದೆ ಒಬ್ಬ ವಿದ್ಯಾರ್ಥಿಯ ಯೂಸರ್‌ನೇಮನ್ನೂ ಕೊಟ್ಟು ನೋಡಿ; ಆ ಖಾತೆಯ ಸಾಲು ಬರಬೇಕು. ಹೆಸರು ಕೊಡದೆ ಕೇಳಿದರೆ ಸರ್ವರಿನ ಖಾತೆಗಳು ಕಾಣುವುದಿಲ್ಲ, ಗಾಬರಿಯಾಗಬೇಡಿ. ಎಸ್‌ಎಸ್‌ಎಸ್‌ಡಿ ಇಡೀ ಪಟ್ಟಿಯನ್ನು ಸುಮ್ಮಸುಮ್ಮನೆ ತರುವುದಿಲ್ಲ. ಸಾಲು ಬಂದೂ ಲಾಗಿನ್ ಆಗದಿದ್ದರೆ ಸರ್ಟಿಫಿಕೇಟಿನ ಮೇಲೆ ಅನುಮಾನ ಪಡಿ: ಟಿಎಲ್‌ಎಸ್ (ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಇಲ್ಲದ ದಾರಿಯಲ್ಲಿ ಎಸ್‌ಎಸ್‌ಎಸ್‌ಡಿ ಪಾಸ್‌ವರ್ಡ್ ಕಳಿಸುವುದೇ ಇಲ್ಲ.

ಹೊಸ ಖಾತೆಯಲ್ಲಿ ಲಾಗಿನ್ ಆಯಿತೇ? ನಿಮ್ಮ ಖಾತೆಯಿಂದ ಸೂಡೋ (ರೂಟ್ ಅಧಿಕಾರದಲ್ಲಿ ಕೆಲಸ ನಡೆಸುವ ಕಮಾಂಡ್) ಕೂಡ ನಡೆಯುತ್ತಿದೆಯೇ? ಆಗ ಮಾತ್ರ ಆ ರೂಟ್ ಟರ್ಮಿನಲ್ ಮುಚ್ಚಿ. 'ಸರ್, ನನ್ನ ಪ್ರೋಗ್ರಾಂ ಆ ಸಿಸ್ಟಂನಾಗೇ ಉಳಿದೈತಿ' ಎಂದು ಯಾರಾದರೂ ಬಂದೇ ಬರುತ್ತಾರೆ. ಇಷ್ಟರಿಂದ ಎಲ್ಲೆಡೆ ಸಿಗುವುದು ಖಾತೆ ಮಾತ್ರ; ಕಡತಗಳೂ ಹಿಂದೆ ಬರಬೇಕಾದರೆ ಹೋಮ್ ಫೋಲ್ಡರುಗಳನ್ನು ಎನ್‌ಎಫ್‌ಎಸ್‌ನಂಥ, ನೆಟ್‌ವರ್ಕಿನಲ್ಲಿ ಕಡತ ಹಂಚುವ ವ್ಯವಸ್ಥೆಯ ಮೇಲೆ ಇಡಬೇಕು.