ಎಳೆ ಅಲ್ಲ, ಗಂಟು ಎಣಿಸಿ

ಮಿಯಾಸಿಸ್, ಅಂದರೆ ಅಂಡ, ವೀರ್ಯಾಣು, ಪರಾಗ ಆಗುವಾಗ ಎರಡು ಸಲ ನಡೆಯುವ ಕೋಶ ವಿಭಜನೆಯ ಪಾಠದಲ್ಲಿ ಪ್ರತಿ ವರ್ಷ ಮಕ್ಕಳು ಒಂದೇ ಕಡೆ ಸಿಕ್ಕಿಕೊಳ್ಳುತ್ತಿದ್ದರು. ಹಂತಗಳ ಹೆಸರು ಗಡಗಡ ಒಪ್ಪಿಸುತ್ತಾರೆ. 'ವರ್ಣತಂತುಗಳ (ಕ್ರೋಮೋಸೋಮ್‌ಗಳ) ಸಂಖ್ಯೆ ಅರ್ಧ ಆಗೋದು ಯಾವಾಗ?' ಅಂದರೆ ಮಾತ್ರ, 'ಎರಡನೇ ವಿಭಜನೆಯಲ್ಲಿ' ಅನ್ನುತ್ತಾರೆ. ಬೆಂಗಳೂರಿನ ಪಿಯು ಕಾಲೇಜೊಂದರಲ್ಲಿ ನಾನು ಬಯಾಲಜಿ ಹೇಳಿಕೊಡುತ್ತೇನೆ. ಮಕ್ಕಳು ಎಳೆಗಳನ್ನು ಎಣಿಸುತ್ತಿದ್ದಾರೆ ಅಂತ ನನಗೆ ಹೊಳೆಯಲು ತುಂಬ ದಿನ ಬೇಕಾಯಿತು.

ಚಿಕ್ಕಪೇಟೆಯಿಂದ ಕೆಂಪು, ನೀಲಿ ಉಲ್ಲನ್ ದಾರ ತಂದೆ. ಕೆಂಪು ಅಮ್ಮನ ಕಡೆಯದು, ನೀಲಿ ಅಪ್ಪನ ಕಡೆಯದು. ಒಂದೇ ಉದ್ದದ ಎರಡು ಕೆಂಪು ಎಳೆ ಸೇರಿಸಿ ನಡುವೆ ಒಂದು ಗಂಟು ಹಾಕಿಸಿದೆ. ಡಿಎನ್ಎ ನಕಲಾದ ಮೇಲೆ ವರ್ಣತಂತು ಹೀಗೇ ಇರುತ್ತದೆ. ಆ ಗಂಟೇ ಸೆಂಟ್ರೊಮಿಯರ್. ಎಳೆ ಎರಡಿದ್ದರೂ ಗಂಟು ಒಂದಿದ್ದರೆ ವರ್ಣತಂತು ಒಂದೇ. ನೀಲಿಯನ್ನೂ ಹಾಗೇ ಕಟ್ಟಿ ಪಕ್ಕದಲ್ಲಿಟ್ಟರೆ ಜೋಡಿ ಆಯಿತು. ಮೊದಲ ವಿಭಜನೆಯಲ್ಲಿ ಗಂಟು ಬಿಚ್ಚಬಾರದು. ಜೋಡಿ ಬೇರೆಯಾಗಿ ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಹೋಗುತ್ತದೆ. ಸಂಖ್ಯೆ ಅಲ್ಲೇ ಅರ್ಧ ಆಗುವುದು! ಎರಡನೇ ವಿಭಜನೆಯಲ್ಲಿ ಎಳೆಗಳು ಬೇರೆಯಾಗುತ್ತವೆ ಅಷ್ಟೇ, ಪ್ರತಿ ಕೋಶದ ಲೆಕ್ಕ ಹಾಗೇ ಉಳಿಯುತ್ತದೆ.

ಜೋಡಿ ಬೇರೆಯಾಗುವ ಮುಂಚೆ ಒಂದು ಕೆಂಪು ಎಳೆಯ ತುದಿ ಕತ್ತರಿಸಿ ನೀಲಿಗೆ, ನೀಲಿಯ ತುದಿ ಕೆಂಪಿಗೆ ಕಟ್ಟಿಸುತ್ತೇನೆ. ಕ್ರಾಸಿಂಗ್ ಓವರ್ ಅಂದರೆ ಇದು. ಈ ಅದಲುಬದಲು ಇಲ್ಲದೆಯೇ ನಮ್ಮ 23 ಜೋಡಿಗಳು 83,88,608 ಥರ ಹಂಚಿಕೆಯಾಗಬಹುದು. ಇದರ ಜೊತೆ ಅದೂ ಸೇರಿದರೆ ಎಷ್ಟು ಥರ ಆಗಬಹುದು, ನೀವೇ ಯೋಚಿಸಿ.

ಆದರೆ ದಾರ ದಾರವೇ. ನಿಜವಾದದ್ದನ್ನು ಕಣ್ಣಲ್ಲಿ ನೋಡಬೇಕು ಅಂತ ದೀಪಾವಳಿ ಹೊತ್ತಿಗೆ ಟೆರೇಸಿನ ಕುಂಡದಲ್ಲಿ ಈರುಳ್ಳಿ ಗಡ್ಡೆ ನೆಟ್ಟೆ. ಹೂಕಡ್ಡಿ ಬಂದು, ತುದಿಯ ತೆಳು ಪೊರೆ ಇನ್ನೂ ಒಡೆಯುವ ಮೊದಲೇ ಮೊಗ್ಗು ತೆಗೆಯಬೇಕು. ಅರಳಿದ ಹೂವಿನಲ್ಲಿ ಪರಾಗ ಆಗಲೇ ಬಲಿತಿರುತ್ತದೆ, ಮಿಯಾಸಿಸ್ ಮುಗಿದಿರುತ್ತದೆ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ಮೊಗ್ಗುಗಳನ್ನು ಒಂದು ದಿನ ಬಿಟ್ಟೆ. ಆಮೇಲೆ ಸೂಜಿಯಿಂದ ಪರಾಗಕೋಶ ಬಿಡಿಸಿ, ಅಸಿಟೋಕಾರ್ಮಿನ್ ಅನ್ನುವ ಕೆಂಪು ಬಣ್ಣ ಒಂದು ಹನಿ ಹಾಕಿ, ತೆಳು ಗಾಜು ಮುಚ್ಚಿ, ದೀಪದ ಮೇಲೆ ಬೆಚ್ಚಗೆ ಮಾಡಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿದೆ. ಗಾಜು ಸ್ವಲ್ಪ ಜಾರಿದರೂ ಕೋಶಗಳೆಲ್ಲ ಮಡಚಿಕೊಂಡು ಕೆಟ್ಟು ಹೋಗುತ್ತವೆ.

ಮೊದಲ ಐದು ಸ್ಲೈಡ್‌ನಲ್ಲಿ ಏನೂ ಸಿಗಲಿಲ್ಲ. ಇನ್ನೂ ಚಿಕ್ಕ ಮೊಗ್ಗು ತೆಗೆದುಕೊಂಡೆ. ಆರನೆಯದರಲ್ಲಿ ಕಡುಗೆಂಪು ತುಣುಕುಗಳು ಕೋಶದ ನಡುವೆ ಸಾಲಾಗಿ ನಿಂತಿದ್ದವು. ಒಬ್ಬ ಹುಡುಗಿಯನ್ನು ಕರೆದೆ. ಕಣ್ಣಿಟ್ಟು ಎಣಿಸಿದಳು. 'ಎಂಟೇ ಇವೆ ಮೇಡಂ, ಈರುಳ್ಳಿಗೆ 16 ಅಲ್ವಾ?' ಅಂದಳು. ನಾನು ಉತ್ತರ ಹೇಳುವ ಮೊದಲೇ ಅವಳೇ, 'ಓ, ಇವು ಜೋಡಿಗಳು' ಅಂದಳು. ಆ ಒಂದು ಮಾತಿಗೆ ಮೂರು ತಿಂಗಳು ಕುಂಡಕ್ಕೆ ನೀರು ಹಾಕಿದ್ದು ಸಾರ್ಥಕ ಅನಿಸಿತು.

ಮರುದಿನ ಪಚ್ಚಬಾಳೆ ತಂದು ಹಂಚಿದೆ. ಅದರಲ್ಲಿ ವರ್ಣತಂತು 33, ಅಂದರೆ ಮೂರು ಸೆಟ್. 'ಬೀಜ ಯಾಕೆ ಇಲ್ಲ?' ಅಂತ ಕೇಳಿದೆ. ಅದೇ ಹುಡುಗಿ ಗಂಟು ಹಾಕಿದ ಮೂರು ದಾರ ಮೇಜಿನ ಮೇಲೆ ಇಟ್ಟಳು. ಎರಡನ್ನು ಜೋಡಿಸಿದಳು. ಮೂರನೆಯದನ್ನು ಯಾವ ಕಡೆ ಕಳಿಸಬೇಕು ಅಂತ ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.